ಮಣ್ಣಿನ ಇಳಿಜಾರುಗಳ ಸ್ಥಿರತೆ: ಅಂತರ್ಜಲ ಮತ್ತು ಭೂಕಂಪನದ ಪಾತ್ರ

ಗುಡ್ಡದ ಪಕ್ಕೆ, ರಸ್ತೆಗೆಂದು ಕಡಿದ ಬರೆ, ಕೆರೆ ಏರಿ, ಮಣ್ಣಿನ ಅಣೆಕಟ್ಟು, ಹೊಳೆದಂಡೆ, ಗಣಿಯ ಹೊರಗೆ ಸುರಿದ ಮಣ್ಣಿನ ರಾಶಿ ಇವೆಲ್ಲವೂ ಎಂಜಿನಿಯರರ ಲೆಕ್ಕದಲ್ಲಿ ಮಣ್ಣಿನ ಇಳಿಜಾರುಗಳೇ. ಭೂಮಿಯ ಸೆಳೆತ ಇವನ್ನು ಹಗಲಿರುಳೂ ಕೆಳಕ್ಕೆ ಎಳೆಯುತ್ತಿರುತ್ತದೆ. ಆದರೂ ಅವು ನಿಂತಿರುವುದು ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ಆ ಹಿಡಿತವನ್ನು ಸಡಿಲಿಸುವ ಕಾರಣಗಳಲ್ಲಿ ಎರಡು ಎಲ್ಲಕ್ಕಿಂತ ದೊಡ್ಡವು: ಒಳಗೆ ಏರುವ ನೀರು ಮತ್ತು ಅಡಿಯಿಂದ ಬರುವ ಭೂಕಂಪನ. ಪಠ್ಯಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುತ್ತವೆ. ಆದರೆ ಕಳೆದ ನೂರು ವರ್ಷಗಳ ದೊಡ್ಡ ಕುಸಿತಗಳನ್ನು ಸಾಲಾಗಿಟ್ಟು ನೋಡಿದರೆ ಎರಡೂ ಕೈ ಹಾಕುವುದು ಒಂದೇ ಜಾಗಕ್ಕೆ, ಕಣಕ್ಕೂ ಕಣಕ್ಕೂ ನಡುವಿನ ಒತ್ತಿಗೆ, ಎಂಬುದು ಕಾಣುತ್ತದೆ. ಒಂದು ಗುಡ್ಡಕ್ಕೆ ಭೂಕಂಪ ಏನು ಮಾಡಬಲ್ಲದು ಎಂಬುದನ್ನು ಕಂಪನದ ಬಲ ಎಷ್ಟು ನಿರ್ಧರಿಸುತ್ತದೋ, ಆ ದಿನ ಗುಡ್ಡದೊಳಗೆ ನಿಂತಿದ್ದ ನೀರೂ ಅಷ್ಟೇ ನಿರ್ಧರಿಸುತ್ತದೆ.

ಮಣ್ಣು ನಿಲ್ಲುವ ಬಗೆ

ಲಾರಿಯಿಂದ ಸುರಿದ ಒಣ ಮರಳು ತಾನಾಗಿಯೇ ಒಂದು ಓರೆಯಲ್ಲಿ ನಿಲ್ಲುತ್ತದೆ. ಮೇಲೆ ಇನ್ನಷ್ಟು ಸುರಿದರೆ ರಾಶಿ ದೊಡ್ಡದಾಗುತ್ತದೆಯೇ ಹೊರತು ಓರೆ ಬದಲಾಗುವುದಿಲ್ಲ. ಆ ಓರೆ ಸಾಮಾನ್ಯವಾಗಿ 30ರಿಂದ 35 ಡಿಗ್ರಿ. ಮರಳಿನಲ್ಲಿ ಕಣಗಳ ನಡುವಿನ ಘರ್ಷಣೆಯೊಂದೇ ಬಲ. ಜೇಡಿ ಬೆರೆತ ಮಣ್ಣಿನಲ್ಲಿ ಇದರ ಜೊತೆಗೆ ಅಂಟೂ ಇರುತ್ತದೆ. ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ಪ್ರಬಂಧದಲ್ಲಿ ಈ ಎರಡನ್ನೂ ಕೂಡಿಸಿದ: ಜಾರುವಿಕೆಯನ್ನು ತಡೆಯುವ ಬಲ ಎಂದರೆ ಅಂಟುಬಲ, ಅದಕ್ಕೆ ಜಾರುತಲದ ಮೇಲಿನ ಒತ್ತಿಗೆ ತಕ್ಕಷ್ಟು ಘರ್ಷಣೆ. ಒತ್ತು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹಿಡಿದಿಡುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸುರಕ್ಷತಾ ಗುಣಾಂಕ ಎಂದು ಹೆಸರು. ಅದು 1ಕ್ಕಿಂತ ಮೇಲಿದ್ದರೆ ಇಳಿಜಾರು ನಿಲ್ಲುತ್ತದೆ, ಕೆಳಗಿಳಿದರೆ ಜರಿಯುತ್ತದೆ. ಶಾಶ್ವತ ಇಳಿಜಾರುಗಳಿಗೆ 1.5ರ ಆಸುಪಾಸು ಇರಲಿ ಎಂಬುದು ವಾಡಿಕೆ.

ಕೂಲಂಬನ ಸೂತ್ರಕ್ಕೆ ನೀರಿನ ಲೆಕ್ಕ ಸೇರಲು ಮತ್ತೂ ಒಂದೂವರೆ ಶತಮಾನ ಬೇಕಾಯಿತು. ಸೇರಿಸಿದವರು 1920ರ ದಶಕದಲ್ಲಿ ಇಸ್ತಾಂಬುಲ್‌ನಲ್ಲಿ ಪಾಠ ಹೇಳುತ್ತ, ಕೈಗೆ ಸಿಕ್ಕ ಸಾಮಾನುಗಳಿಂದಲೇ ಪ್ರಯೋಗ ಮಾಡುತ್ತಿದ್ದ ಕಾರ್ಲ್ ಟೆರ್ಜಾಗಿ. ಬಾವಿಯಿಂದ ಕೊಡ ಸೇದಿದವರಿಗೆ ಅವರ ತತ್ವ ಹೊಸದೇನಲ್ಲ. ತುಂಬಿದ ಕೊಡ ನೀರಿನೊಳಗೆ ಇರುವವರೆಗೂ ಹಗುರ, ನೀರು ಬಿಟ್ಟು ಮೇಲೆದ್ದ ಕೂಡಲೇ ಕೈ ಜಗ್ಗುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಕಣಗಳೂ ಹಾಗೆಯೇ. ಮೇಲಿನ ಮಣ್ಣಿನ ಭಾರದಲ್ಲಿ ಒಂದು ಪಾಲನ್ನು ಸಂದುಗಳಲ್ಲಿರುವ ನೀರು ಹೊರುತ್ತದೆ, ಅಷ್ಟರ ಮಟ್ಟಿಗೆ ಕಣಗಳ ನಡುವಿನ ಒತ್ತು ತಗ್ಗುತ್ತದೆ. ಒಟ್ಟು ಒತ್ತಡದಲ್ಲಿ ರಂಧ್ರಜಲದ ಒತ್ತಡವನ್ನು ಕಳೆದರೆ ಉಳಿಯುವುದೇ ಪರಿಣಾಮಿ ಒತ್ತಡ, ಮತ್ತು ಮಣ್ಣಿನ ಘರ್ಷಣೆ ಆ ಉಳಿದದ್ದನ್ನಷ್ಟೇ ನಂಬಿದೆ. ಕೊಡದ ಹೋಲಿಕೆ ಒಂದು ಕಡೆ ಮಾತ್ರ ಸಾಲದು. ಇಳಿಜಾರಿನಲ್ಲಿ ಹಿಡಿತ ಹಗುರಾದರೂ ಎಳೆತ ಹಗುರಾಗುವುದಿಲ್ಲ. ಮಣ್ಣಿನ ಭಾರವೂ ಅದರೊಳಗಿನ ನೀರಿನ ಭಾರವೂ ಕೂಡಿ ಕೆಳಕ್ಕೆ ಎಳೆಯುತ್ತಲೇ ಇರುತ್ತವೆ.

ನೀರು ಮಣ್ಣಿಗೆ ಎಣ್ಣೆ ಸವರಿದಂತೆ ಜಾರುವಿಕೆ ತರುತ್ತದೆ ಎಂಬ ನಂಬಿಕೆ ಬಲು ಹಳೆಯದು, ಈಗಲೂ ಪತ್ರಿಕೆಗಳಲ್ಲಿ ಕಾಣುತ್ತದೆ. ಟೆರ್ಜಾಗಿ 1950ರಲ್ಲಿ ಭೂಕುಸಿತಗಳ ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಒಪ್ಪಲಿಲ್ಲ. ತೇವ ಮಣ್ಣನ್ನು ನುಣುಪು ಮಾಡುವುದಿಲ್ಲ. ಸ್ವಲ್ಪ ತೇವವಿದ್ದಾಗ ಮಣ್ಣು ಇನ್ನೂ ಗಟ್ಟಿ: ಸಮುದ್ರದಂಡೆಯಲ್ಲಿ ಮಕ್ಕಳು ಕಟ್ಟುವ ಮರಳಿನ ಗೋಪುರ ಲಂಬವಾಗಿ ನಿಲ್ಲುವುದು ಕಣಗಳ ನಡುವಿನ ನೀರಿನ ಪೊರೆ ಅವನ್ನು ಒಳಕ್ಕೆ ಹೀರಿ ಹಿಡಿಯುವುದರಿಂದ. ಬೇಸಿಗೆಯಲ್ಲಿ ಲಂಬವಾಗಿ ಕಡಿದ ಬರೆ ಮೇ ತಿಂಗಳವರೆಗೆ ಮಿಸುಕದೆ ನಿಲ್ಲುವುದೂ ಇದೇ ಹೀರಿನ ಬಲದಿಂದ. ಮಳೆ ನೀರು ಸಂದುಗಳನ್ನೆಲ್ಲ ತುಂಬಿದಾಗ ಮೊದಲು ಈ ಹೀರು ಮಾಯವಾಗುತ್ತದೆ. ಆಮೇಲೆ ನೀರಿನ ಮಟ್ಟ ಏರಿ ತಳ್ಳುವ ಒತ್ತಡ ಶುರುವಾಗುತ್ತದೆ. ಬೇಸಿಗೆಯ ಬರೆಯನ್ನು ನೋಡಿ ಅದರ ಬುಡದಲ್ಲಿ ಮನೆ ಕಟ್ಟಿದವರು ನೋಡಿದ್ದು ಆ ಮಣ್ಣಿನ ಸಾಲದ ಬಲವನ್ನು.

ಅಂಕಿಗಳಲ್ಲಿ ಹೇಳುವುದಾದರೆ ಹೀಗೆ. 30 ಡಿಗ್ರಿ ಓರೆಯ ಒಂದು ಪಕ್ಕೆ. ಬಂಡೆಯ ಮೇಲೆ 3 ಮೀಟರ್ ಮಣ್ಣು. ಮಣ್ಣಿನ ಭಾರ ಘನ ಮೀಟರಿಗೆ 20 ಕಿಲೋನ್ಯೂಟನ್, ಅಂದರೆ ಸುಮಾರು 2 ಟನ್. ಘರ್ಷಣಾ ಕೋನ 32 ಡಿಗ್ರಿ. ಅಂಟುಬಲ 5 ಕಿಲೋಪಾಸ್ಕಲ್. ಬಂಡೆಯ ಮೇಲ್ಮೈಯಲ್ಲಿ ಒತ್ತುವ ಒತ್ತಡ 45 ಕಿಲೋಪಾಸ್ಕಲ್, ಕೆಳಕ್ಕೆ ಎಳೆಯುವುದು 26. ನೀರಿಲ್ಲದಾಗ ಮಣ್ಣಿನ ಹಿಡಿತ 33, ಗುಣಾಂಕ 1.27. ಈಗ ಮಳೆ ಹಿಡಿದು ಬಂಡೆಯ ಮೇಲೆ ಒಂದೂವರೆ ಮೀಟರ್ ನೀರು ನಿಂತು ಇಳಿಜಾರಿನುದ್ದಕ್ಕೂ ಹರಿಯತೊಡಗಿತು ಎನ್ನೋಣ. ನೀರು 11 ಕಿಲೋಪಾಸ್ಕಲ್‌ನಷ್ಟು ಒತ್ತನ್ನು ಕಸಿಯುತ್ತದೆ, ಗುಣಾಂಕ 1.01ಕ್ಕೆ ಇಳಿಯುತ್ತದೆ. ನೀರು ಮೇಲ್ಮೈವರೆಗೂ ಬಂದರೆ 0.75ರ ಆಸುಪಾಸು. ಅಂಟೇ ಇಲ್ಲದ ಮರಳಿನಲ್ಲಿ ಹೊಡೆತ ಇನ್ನೂ ದೊಡ್ಡದು: ಒಣಗಿದ್ದಾಗ 34 ಡಿಗ್ರಿಯಲ್ಲಿ ನಿಲ್ಲುವ ಮರಳು, ಇಡೀ ಮೈಯಲ್ಲಿ ನೀರು ಹರಿಯುವಾಗ 19 ಡಿಗ್ರಿಯಲ್ಲೂ ನಿಲ್ಲಲಾರದು.

ನಿಜವಾದ ಇಳಿಜಾರುಗಳಲ್ಲಿ ಜಾರುತಲ ಹೀಗೆ ಚಪ್ಪಟೆಯಾಗಿ ಇರುವುದು ಅಪರೂಪ. 1916ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನ ಧಕ್ಕೆಯೊಂದು ಜಾರಿದಾಗ ಜೇಡಿಮಣ್ಣು ಬಟ್ಟಲಿನ ಒಳಮೈಯಂಥ ಬಾಗಿದ ತಲದ ಮೇಲೆ ಸರಿದದ್ದು ಕಂಡಿತು. ಜಾರುವ ಮಣ್ಣನ್ನು ಲಂಬವಾದ ಹೋಳುಗಳಾಗಿ ಭಾಗ ಮಾಡಿ ಒಂದೊಂದರ ಲೆಕ್ಕ ಕೂಡಿಸುವ ವಿಧಾನ ಅಲ್ಲಿಂದ ಬೆಳೆಯಿತು. ಬಿಷಪ್ 1955ರಲ್ಲಿ, ಮಾರ್ಗೆನ್‌ಸ್ಟರ್ನ್ ಮತ್ತು ಪ್ರೈಸ್ 1965ರಲ್ಲಿ ಅದನ್ನು ತಿದ್ದಿದರು. ಇಂದಿನ ಕಂಪ್ಯೂಟರ್ ತಂತ್ರಾಂಶಗಳ ಒಳಗೆ ಕೂತಿರುವುದು ಬಹುಮಟ್ಟಿಗೆ ಇವೇ ಹೋಳುಗಳು. ಲೆಕ್ಕ ಎಷ್ಟೇ ನಯವಾಗಲಿ, ನೀರಿನ ಮಟ್ಟವನ್ನು ತಪ್ಪಾಗಿ ಊಹಿಸಿದರೆ ಉತ್ತರವೂ ತಪ್ಪು.

ಗುಡ್ಡದೊಳಗಿನ ನೀರು

ಪಶ್ಚಿಮ ಘಟ್ಟದ ಮತ್ತು ಕರಾವಳಿಯ ಬರೆಗಳಲ್ಲಿ ಈ ಪಾಠವನ್ನು ಕಣ್ಣಾರೆ ಓದಬಹುದು. ಹೊಸದಾಗಿ ಕಡಿದ ಬರೆಯ ಎದುರು ನಿಂತರೆ ಮೇಲೆ ಬೇರು ತುಂಬಿದ ಕಪ್ಪು ಮಣ್ಣು, ಅದರಡಿ ಕೆಂಪು ಜಂಬಿಟ್ಟಿಗೆ ಅಥವಾ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಶೇಡಿಮಣ್ಣು, ಎಲ್ಲಕ್ಕೂ ಕೆಳಗೆ ಬಂಡೆ ಕಾಣುತ್ತದೆ. ತೂತು ತೂತಾದ ಜಂಬಿಟ್ಟಿಗೆ ಮಳೆ ನೀರನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಶೇಡಿಮಣ್ಣು ಅಷ್ಟು ಬೇಗ ಬಿಡುವುದಿಲ್ಲ. ಹೀಗಾಗಿ ಇವೆರಡರ ಸಂಧಿಯಲ್ಲಿ ನೀರು ತಂಗುತ್ತದೆ. ಒಣಗಿದ್ದಾಗ ಗುದ್ದಲಿಗೆ ಗಟ್ಟಿ ಎನಿಸುವ ಶೇಡಿ, ನೀರು ಕುಡಿದಾಗ ಬೆರಳಿಗೆ ಹಿಟ್ಟಿನಂತೆ ಕರಗುತ್ತದೆ. ಹರಿಯುವ ನೀರಿನೊಂದಿಗೆ ಕೊಚ್ಚಿಹೋಗಿ ಮೇಲಿನ ಗಟ್ಟಿ ಪದರದ ಕಾಲ ಕೆಳಗೆ ಪೊಳ್ಳು ಮಾಡುತ್ತದೆ. ಆಷಾಢದ ಮಳೆಯಲ್ಲಿ ಇಂಥ ಬರೆಯ ನಡುಮಟ್ಟದಲ್ಲಿ ಒಂದು ಗೆರೆಯುದ್ದಕ್ಕೂ ನೀರು ಜಿನುಗುತ್ತಿರುತ್ತದೆ. ಆ ಗೆರೆಯೇ ಶೇಡಿಯ ತಲೆ. ಗುಡ್ಡದಲ್ಲಿ ಜಲ ಎದ್ದಿದೆ, ಒರತೆ ಒಡೆದಿದೆ ಎಂದು ಊರಿನ ಹಿರಿಯರು ಹೇಳುವುದು ಇದನ್ನೇ. ಇದ್ದಕ್ಕಿದ್ದಂತೆ ಒರತೆ ಕೆಂಪಾಗುವುದು, ಮೊದಲಿದ್ದ ಒರತೆ ನಿಂತುಹೋಗುವುದು, ಗುಡ್ಡದ ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು, ಓರೆಯಾದ ಮರಗಳು ಇವೆಲ್ಲ ಕುಸಿತಕ್ಕೆ ಮುನ್ನ ಕಾಣಿಸಬಹುದಾದ ಗುರುತುಗಳು.

2018ರ ಆಗಸ್ಟ್ ನಡುವಿನ ಮಳೆಗೆ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆ ಸುತ್ತಲಿನ ಗುಡ್ಡಗಳು ಜರಿದು ತೋಟ, ಮನೆ, ಮಡಿಕೇರಿ-ಮಂಗಳೂರು ಹೆದ್ದಾರಿ ಎಲ್ಲವನ್ನೂ ಕೊಚ್ಚಿದವು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಅಗಲಿಸಲು ಕಡಿದ ಗುಡ್ಡ ಇಳಿದು ರಸ್ತೆಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮಣ್ಣು ನುಗ್ಗಿದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಎರಡೂ ಕಡೆ ಭೂಕಂಪವಿರಲಿಲ್ಲ. ದಿನಗಟ್ಟಲೆ ಸುರಿದ ಮಳೆ ಮತ್ತು ಬುಡ ಕಳೆದುಕೊಂಡ ಇಳಿಜಾರು, ಇವೆರಡೇ ಸಾಕಾದವು. ಬುಡ ಕಡಿಯುವುದು ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ. ಬಾಗಿದ ಜಾರುತಲದಲ್ಲಿ ಮೇಲಿನ ಮಣ್ಣು ಎಳೆಯುತ್ತದೆ, ಬುಡದ ಮಣ್ಣು ಒತ್ತುಗಲ್ಲಿನಂತೆ ತಡೆಯುತ್ತದೆ. ರಸ್ತೆಗೆ ಜಾಗ ಬೇಕೆಂದು ನಾವು ತೆಗೆಯುವುದು ಸಾಮಾನ್ಯವಾಗಿ ಆ ಒತ್ತುಗಲ್ಲನ್ನೇ.

ನೀರು ಏರಿದಾಗ ಮಾತ್ರವಲ್ಲ, ಇಳಿದಾಗಲೂ ಅಪಾಯವಿದೆ. ಜಲಾಶಯದ ನೀರನ್ನು ಬೇಗ ಖಾಲಿ ಮಾಡಿದರೆ ಹೊರಗಿನ ನೀರಿನ ಆಸರೆ ಹೋಗುತ್ತದೆ, ಏರಿಯ ಒಳಗಿನ ನೀರು ಅಷ್ಟೇ ಬೇಗ ಬಸಿಯುವುದಿಲ್ಲ. ಏರಿಯ ನೀರಿನ ಕಡೆಯ ಮೈ ಒಳಕ್ಕೆ ಜಾರುತ್ತದೆ. ಇಟಲಿಯ ವಾಯೋಂಟ್ ಕಣಿವೆಯಲ್ಲಿ ಜಲಾಶಯ ತುಂಬಿಸಿ, ಇಳಿಸಿ, ಮತ್ತೆ ತುಂಬಿಸುತ್ತಿದ್ದಂತೆ ಪಕ್ಕದ ಬೆಟ್ಟ ತೆವಳತೊಡಗಿತ್ತು. 1963ರ ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬಂಡೆ ಮಣ್ಣು ಒಮ್ಮೆಲೇ ನೀರಿಗೆ ಬಿತ್ತು. ಅಲೆ ಅಣೆಕಟ್ಟನ್ನು ಹಾರಿ ಕೆಳಗಿನ ಊರುಗಳಿಗೆ ನುಗ್ಗಿ ಸುಮಾರು 2,000 ಜನ ಸತ್ತರು. ಕಾಂಕ್ರೀಟ್ ಅಣೆಕಟ್ಟು ಮಾತ್ರ ಇಂದಿಗೂ ಅಲ್ಲೇ ನಿಂತಿದೆ.

ಕಂಪನದ ಕೆಲಸ

ಬಸ್ಸು ಗಕ್ಕನೆ ನಿಂತಾಗ ನಿಂತವರು ಮುಂದಕ್ಕೆ ಮುಗ್ಗರಿಸುವ ಹಾಗೆ, ನೆಲ ಒಂದು ಕಡೆ ಸರಿದಾಗ ಗುಡ್ಡದ ಮಣ್ಣು ಇದ್ದಲ್ಲೇ ಉಳಿಯಲು ನೋಡುತ್ತದೆ. ಫಲವಾಗಿ ಇಳಿಜಾರಿನ ಮೇಲೆ ಅಡ್ಡಬಲವೊಂದು ಬೀಳುತ್ತದೆ. ಅತಿ ಸರಳ ಲೆಕ್ಕದಲ್ಲಿ ಈ ಬಲವನ್ನು ಮಣ್ಣಿನ ತೂಕದ ಒಂದು ಪಾಲೆಂದು ಹಿಡಿದು, ಅದು ನಿರಂತರವಾಗಿ ತಳ್ಳುತ್ತಿದೆ ಎಂದೇ ಭಾವಿಸುತ್ತಾರೆ. ಮೇಲಿನ ಉದಾಹರಣೆಯ ಒಣ ಪಕ್ಕೆಗೆ ತೂಕದ ಹತ್ತನೇ ಒಂದು ಪಾಲಿನಷ್ಟು ಅಡ್ಡಬಲ ಸೇರಿಸಿದರೆ ಗುಣಾಂಕ 1.27ರಿಂದ 1.03ಕ್ಕೆ ಬರುತ್ತದೆ. ಅಂದರೆ ಆ ಪಕ್ಕೆಗೆ ಒಂದು ಮಧ್ಯಮ ಕಂಪನವೂ ಒಂದೂವರೆ ಮೀಟರ್ ನೀರೂ ಹೆಚ್ಚುಕಡಿಮೆ ಸಮಾನ. ಆದರೆ ಒಂದೇ ಮೀಟರ್ ನೀರಿದ್ದಾಗ ಅದೇ ಕಂಪನ ಬಂದರೆ ಗುಣಾಂಕ 0.88. ನೀರೊಂದೇ ಆಗಿದ್ದರೆ 1.10 ಇದ್ದು ಪಕ್ಕೆ ನಿಲ್ಲುತ್ತಿತ್ತು. ಕಂಪನವೊಂದೇ ಆಗಿದ್ದರೂ ನಿಲ್ಲುತ್ತಿತ್ತು.

ಕಂಪನ ನಿರಂತರ ತಳ್ಳುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ನೇಥನ್ ನ್ಯೂಮಾರ್ಕ್. 1965ರ ರ‍್ಯಾಂಕಿನ್ ಉಪನ್ಯಾಸದಲ್ಲಿ ಅವರು ಇಳಿಜಾರನ್ನು ಓರೆಯ ಹಲಗೆಯ ಮೇಲಿಟ್ಟ ದಿಮ್ಮಿಯಂತೆ ಕಂಡರು. ಬಸ್ಸಿನ ನೆಲದ ಮೇಲಿಟ್ಟ ಅಕ್ಕಿಮೂಟೆ ಸಣ್ಣ ಬ್ರೇಕಿಗೆ ಮಿಸುಕುವುದಿಲ್ಲ. ಜೋರಾಗಿ ಹಾಕಿದಾಗ ಒಂದಿಷ್ಟು ಜಾರಿ ಮತ್ತೆ ನಿಲ್ಲುತ್ತದೆ. ಹಾಗೆಯೇ ಕಂಪನದ ವೇಗೋತ್ಕರ್ಷ ಒಂದು ಮಿತಿ ದಾಟಿದ ಆ ಕ್ಷಣಗಳಲ್ಲಿ ಮಾತ್ರ ಮಣ್ಣು ಸರಿಯುತ್ತದೆ. ಈ ಸರಿತಗಳನ್ನೆಲ್ಲ ಕೂಡಿಸಿದಾಗ ಒಟ್ಟು ಕೆಲವೇ ಸೆಂಟಿಮೀಟರ್ ಆದರೆ ಏರಿಯ ಮೇಲೆ ಬಿರುಕಷ್ಟೇ ಕಾಣಬಹುದು. ಮೀಟರುಗಳಾದರೆ ಏರಿಯೇ ಹೋಯಿತು. ಗುಣಾಂಕ ಅರೆಕ್ಷಣ 1ರ ಕೆಳಗೆ ಹೋದ ಮಾತ್ರಕ್ಕೆ ಇಳಿಜಾರು ನಾಶವಾಗಬೇಕಿಲ್ಲ ಎಂಬ ಈ ವಿವೇಚನೆ ನನ್ನ ಮಟ್ಟಿಗೆ ಈ ಶಾಸ್ತ್ರದ ಅತಿ ಸುಂದರ ಭಾಗ. ಅದಕ್ಕೊಂದು ಷರತ್ತಿದೆ: ಅಲುಗಾಟದಿಂದ ಮಣ್ಣಿನ ಬಲ ಕುಗ್ಗಬಾರದು. ನೀರು ತುಂಬಿದ ಸಡಿಲ ಮರಳು ಈ ಷರತ್ತನ್ನು ಪಾಲಿಸುವುದೇ ಇಲ್ಲ.

ಕಂಪನ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಏಣುಗಳ ನೆತ್ತಿಯಲ್ಲಿ ಅಲೆಗಳು ಕೂಡಿಕೊಂಡು ಹೆಚ್ಚುತ್ತವೆ. 1971ರ ಸ್ಯಾನ್ ಫರ್ನಾಂಡೋ ಭೂಕಂಪದಲ್ಲಿ ಪಕೋಯ್ಮಾ ಅಣೆಕಟ್ಟಿನ ಪಕ್ಕದ ಬಂಡೆಯೇಣಿನ ಮೇಲಿದ್ದ ಉಪಕರಣ ಗುರುತ್ವದ 1.25 ಪಟ್ಟು ವೇಗೋತ್ಕರ್ಷ ದಾಖಲಿಸಿದಾಗ ಅದನ್ನು ನಂಬಲು ಹಲವರು ಸಿದ್ಧರಿರಲಿಲ್ಲ. ಇನ್ನೊಂದು ಕೊನೆಯಲ್ಲಿ, ಎಷ್ಟು ಸಣ್ಣ ಕಂಪ ಗುಡ್ಡ ಕೆಡವಬಲ್ಲದು ಎಂಬ ಪ್ರಶ್ನೆ ಇದೆ. ಅಮೆರಿಕದ ಡೇವಿಡ್ ಕೀಫರ್ 1984ರಲ್ಲಿ ಜಗತ್ತಿನ 40 ಭೂಕಂಪಗಳನ್ನು ಪರಿಶೀಲಿಸಿ, ಭೂಕುಸಿತ ತರಿಸಿದ ಅತಿ ಸಣ್ಣ ಕಂಪ 4ರ ಆಸುಪಾಸಿನದು ಎಂದರು. 2018ರ ಜುಲೈಯಲ್ಲಿ ಕೊಡಗಿನಲ್ಲಿ ನೆಲ ಲಘುವಾಗಿ ನಡುಗಿತ್ತು. ಮರುತಿಂಗಳು ಗುಡ್ಡಗಳು ಜರಿದಾಗ ಆ ನಡುಕವೇ ಕಾರಣವೆಂದು ಅನೇಕರು ನಂಬಿದರು. 2022ರ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯ ಚೆಂಬು ಸುತ್ತ ಮತ್ತೆ ಸದ್ದು, ನಡುಕ ಕೇಳಿಬಂದಾಗಲೂ ಅದೇ ಭಯ. ಈ ಕಂಪಗಳು ಕೀಫರ್ ಹೇಳಿದ ಮಿತಿಗಿಂತ ಸಣ್ಣವು. ಭಯಪಟ್ಟವರನ್ನು ಅಲ್ಲಗಳೆಯಬೇಕಿಲ್ಲ, ಹಿಂದಿನ ಮಳೆಗಾಲದಲ್ಲಿ ಗುಡ್ಡ ಇಳಿದದ್ದನ್ನು ಕಂಡವರು ಅವರು. ಆದರೆ 2018ರ ದುರಂತವನ್ನು ಮಳೆ ಮತ್ತು ಕಡಿದ ಇಳಿಜಾರುಗಳ ಲೆಕ್ಕಕ್ಕೇ ಬರೆಯಬೇಕು. ಭಾರತೀಯ ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿ ಕರ್ನಾಟಕವನ್ನು 2 ಮತ್ತು 3ನೇ ವಲಯಗಳಲ್ಲೇ ಇರಿಸಿತ್ತು. ಈ ನೆಲದಲ್ಲಿ ನೀರೇ ಹಿರಿಯ ಶತ್ರು.

ನೀರೂ ಕಂಪನವೂ ಕೂಡಿದಾಗ

ಸೇರಿನಲ್ಲಿ ಅಕ್ಕಿ ತುಂಬಿ ನಾಲ್ಕು ಸಲ ಕುಟ್ಟಿದರೆ ಅಕ್ಕಿ ತಗ್ಗುತ್ತದೆ. ಸಡಿಲವಾಗಿ ಕೂತ ಕಾಳುಗಳು ಅಲುಗಾಟಕ್ಕೆ ಒತ್ತೊತ್ತಾಗಿ ಕೂರುತ್ತವೆ. ಸಡಿಲ ಮರಳೂ ಹಾಗೆಯೇ ತಗ್ಗಲು ನೋಡುತ್ತದೆ. ಆದರೆ ಸಂದುಗಳಲ್ಲಿ ನೀರು ತುಂಬಿದ್ದರೆ, ತಗ್ಗಬೇಕಾದರೆ ಅಷ್ಟು ನೀರು ಹೊರಗೆ ಹೋಗಬೇಕು. ಭೂಕಂಪದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅದಕ್ಕೆ ಪುರಸೊತ್ತಿಲ್ಲ. ಕಣಗಳು ಬಿಟ್ಟ ಭಾರವನ್ನು ನೀರು ಹೊರುತ್ತದೆ, ಒಂದೊಂದು ಅಲುಗಾಟಕ್ಕೂ ಅದರ ಒತ್ತಡ ಏರುತ್ತದೆ. ಕೊನೆಗೆ ಮೇಲಿನ ಮಣ್ಣಿನ ಪೂರ್ತಿ ಭಾರ ನೀರಿನ ಮೇಲೆಯೇ ಬಿದ್ದಾಗ ಕಣಗಳ ನಡುವೆ ಒತ್ತೇ ಇರುವುದಿಲ್ಲ. ಆಗ ಅದು ಮಣ್ಣಲ್ಲ, ಗಂಜಿ. ಇದಕ್ಕೆ ದ್ರವೀಕರಣ ಎಂದು ಹೆಸರು. ಟೆರ್ಜಾಗಿಯ ಕಳೆಯುವ ಲೆಕ್ಕವೇ ಇದು. ಮಳೆಗಾಲ ವಾರಗಳಲ್ಲಿ ಮಾಡುವ ಕಳೆತವನ್ನು ಭೂಕಂಪ ಸೆಕೆಂಡುಗಳಲ್ಲಿ ಮಾಡಿ ಮುಗಿಸುತ್ತದೆ.

ಲಾಸ್ ಏಂಜಲೀಸ್ ಹೊರವಲಯದ ಲೋವರ್ ಸ್ಯಾನ್ ಫರ್ನಾಂಡೋ ಅಣೆಕಟ್ಟನ್ನು ಕೆಸರುನೀರಿನೊಂದಿಗೆ ಮಣ್ಣು ಹರಿಸಿ ಕಟ್ಟಿದ್ದರು. ಹಾಗೆ ತಂಗಿದ ಮಣ್ಣು ಸಡಿಲ. 1971ರ ಫೆಬ್ರವರಿ 9ರ ಬೆಳಗಿನ ಜಾವ 6 ಗಂಟೆಗೆ ನೆಲ ನಡುಗಿತು. ಏರಿಯ ನೀರಿನ ಕಡೆಯ ಮೈ, ನೆತ್ತಿಯ ಸಮೇತ, ಜಲಾಶಯದೊಳಕ್ಕೆ ಜಾರಿತು. ನೆತ್ತಿ ಸುಮಾರು 9 ಮೀಟರ್ ತಗ್ಗಿತು. ಉಳಿದ ಬಿರುಕುಬಿಟ್ಟ ದಿಬ್ಬಕ್ಕೂ ನೀರಿಗೂ ನಡುವೆ ಇದ್ದದ್ದು ಸುಮಾರು ಒಂದೂವರೆ ಮೀಟರ್. ಕೆಳಗಿನ ಸುಮಾರು 80,000 ಜನರನ್ನು ಮನೆ ಬಿಡಿಸಿ, ಹಗಲಿರುಳು ನೀರು ಖಾಲಿ ಮಾಡಿದರು. ಆ ದಿನ ಜಲಾಶಯದ ಮಟ್ಟವನ್ನು ತುಂಬು ಮಟ್ಟಕ್ಕಿಂತ ಕೆಳಗೆ ಇರಿಸಿದ್ದುದರಿಂದಲೇ ಆ ಒಂದೂವರೆ ಮೀಟರ್ ಉಳಿಯಿತು. ಏರಿಯ ಮೇಲಿದ್ದ ಕಂಪನ ದಾಖಲೆಯನ್ನು ಓದಿದ ಹ್ಯಾರಿ ಬೋಲ್ಟನ್ ಸೀಡ್ ಮತ್ತು ಸಂಗಡಿಗರಿಗೆ ಇನ್ನೊಂದು ವಿಚಿತ್ರ ಕಂಡಿತು: ದೊಡ್ಡ ಜಾರುವಿಕೆ ನಡೆದದ್ದು ಬಲವಾದ ಕಂಪನ ಮುಗಿದು ಅರೆನಿಮಿಷದಷ್ಟು ಹೊತ್ತಾದ ಮೇಲೆ. ಅಡ್ಡಬಲ ಅಷ್ಟರಲ್ಲಿ ಹೋಗಿಯಾಗಿತ್ತು. ನಡುವಿನ ಮಣ್ಣು ನೀರಾಗಿದ್ದುದರಿಂದ ಏರಿ ತನ್ನ ಭಾರವನ್ನೇ ತಾಳಲಾರದೆ ಹೋಯಿತು.

ಇನ್ನೂ ಕಳವಳ ತರುವುದು ಇಂಡೊನೇಷ್ಯಾದ ಪಾಲುವಿನ ಕಥೆ. 2018ರ ಸೆಪ್ಟೆಂಬರ್ 28ರ ಸಂಜೆ 7.5ರ ಭೂಕಂಪವಾದಾಗ ಪೆಟೊಬೊ, ಬಲಾರೋವಾ, ಜೊನೊ ಓಗೆ ಎಂಬ ಜನವಸತಿಗಳು ಮನೆ, ತೆಂಗಿನ ಮರ, ರಸ್ತೆ ಸಮೇತ ನೂರಾರು ಮೀಟರ್ ಹರಿದುಹೋದವು. ಅಲ್ಲಿನ ನೆಲದ ಓರೆ 1ರಿಂದ 3 ಡಿಗ್ರಿ. ಮೇಲೆ ನಿಂತವರಿಗೆ ಅದು ಇಳಿಜಾರು ಎಂದು ಗೊತ್ತೇ ಆಗದು. ಆಮೇಲಿನ ಅಧ್ಯಯನಗಳು ಬೊಟ್ಟು ಮಾಡಿದ್ದು ಗುಂಬಾಸಾ ನೀರಾವರಿ ಕಾಲುವೆಯ ಕಡೆಗೆ. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ದಶಕಗಳಿಂದ ನಿಂತ ನೀರು ಅಂತರ್ಜಲವನ್ನು ಮೇಲ್ಮೈ ಹತ್ತಿರಕ್ಕೆ ಏರಿಸಿತ್ತು. ದೊಡ್ಡ ಹರಿವುಗಳಲ್ಲಿ ಕೆಲವು ಶುರುವಾದದ್ದು ಕಾಲುವೆಯ ಅಂಚಿನಲ್ಲೇ. ಕಾಲುವೆಯ ಮೇಲಿನ ಒಣ ಭೂಮಿ ಅದೇ ಕಂಪನವನ್ನು ತಾಳಿಕೊಂಡಿತು. ಮೆಕ್ಕಲಿನ ಮರಳಿನ ನಡುವೆ ತೆಳುವಾದ ಹೂಳಿನ ಪದರಗಳಿದ್ದವು. ಕೆಳಗಿನ ಮರಳಿನಿಂದ ಹಿಂಡಿ ಮೇಲೆ ಬಂದ ನೀರನ್ನು ಆ ಪದರಗಳು ತಡೆದು, ಅವುಗಳಡಿ ನೀರಿನ ಹಾಳೆಯೇ ಹಾಸಿದಂತಾಗಿತ್ತು ಎಂದು ತಜ್ಞರು ವಿವರಿಸುತ್ತಾರೆ. ಭತ್ತದ ಗದ್ದೆಯ ಪಕ್ಕ ಊರು ಕಟ್ಟಿಕೊಂಡು ಬದುಕುವ ನಮ್ಮಂಥ ದೇಶಗಳು ಈ ಘಟನೆಯನ್ನು ದೂರದ್ದೆಂದು ಬಿಡಬಾರದು.

ಇದಕ್ಕೆ ಎದುರುಗನ್ನಡಿ ಹಿಡಿದಂತಿದೆ ಕಚ್ಛ್. 2001ರ ಜನವರಿ 26ರ ಭೂಕಂಪದ ಪ್ರಮಾಣ 7.7. ಚಾಂಗ್, ತಾಪರ್, ಫತೇಗಢ, ರುದ್ರಮಾತಾ ಮೊದಲಾದ ಮಣ್ಣಿನ ಅಣೆಕಟ್ಟುಗಳು ಬಿರಿದವು, ಕುಸಿದವು. ಚಾಂಗ್ ಬಹುತೇಕ ನೆಲಕ್ಕೆ ಕೂತಿತು. ಏರಿಗಳ ಬುಡದ ಮೆಕ್ಕಲು ಆಗಲೂ ತೇವದಲ್ಲಿತ್ತು, ಅದು ದ್ರವೀಕರಿಸಿ ಏರಿಯನ್ನು ಅಡಿಯಿಂದಲೇ ಎಳೆದಿತ್ತು. ಆದರೂ ಕೆಳಗಿನ ಹಳ್ಳಿಗಳಿಗೆ ಪ್ರವಾಹ ನುಗ್ಗಲಿಲ್ಲ. ಬರಗಾಲದಿಂದಾಗಿ ಜಲಾಶಯಗಳಲ್ಲಿ ನೀರು ತೀರ ಕಡಿಮೆಯಿತ್ತು. ಒಳ್ಳೆಯ ಮಳೆಯಾದ ವರ್ಷದಲ್ಲಿ ಅದೇ ಕಂಪ ಬಂದಿದ್ದರೆ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಜಪಾನಿನ ಹೊಕ್ಕೈಡೊದಲ್ಲಿ 2018ರ ಸೆಪ್ಟೆಂಬರ್ 6ರಂದು 6.6ರ ಕಂಪಕ್ಕೆ ಅತ್ಸುಮಾ ಪಟ್ಟಣದ ಸುತ್ತ ಸಾವಿರಾರು ಗುಡ್ಡಗಳು ಒಟ್ಟಿಗೇ ಸಿಪ್ಪೆ ಸುಲಿದಂತೆ ಜಾರಿದವು. ಜ್ವಾಲಾಮುಖಿಯ ಹಗುರವಾದ ಬೂದಿಮಣ್ಣು ನೀರು ಹಿಡಿದಿಟ್ಟಿತ್ತು, ಎರಡು ದಿನದ ಹಿಂದಷ್ಟೇ ಜಪಾನಿಗೆ ಚಂಡಮಾರುತ ಅಪ್ಪಳಿಸಿತ್ತು. 1964ರ ಅಲಾಸ್ಕಾದಲ್ಲಿ ಕಥೆ ಇನ್ನೊಂದು ತೆರ: ಆಂಕರೇಜ್ ನಗರದ ಟರ್ನಗೇನ್ ಹೈಟ್ಸ್ ಬಡಾವಣೆಯ ಅಡಿಯ ಮೃದು ಜೇಡಿ 9.2ರ ಕಂಪದ ನಿಮಿಷಗಟ್ಟಲೆ ಅಲುಗಾಟದಲ್ಲಿ ಬಲ ಕಳೆದುಕೊಂಡು ಸುಮಾರು 75 ಮನೆಗಳನ್ನು ಸಮುದ್ರದ ಕಡೆಗೆ ಹೊತ್ತೊಯ್ದಿತು.

ನೀರು ಕಾಣದ ದೊಡ್ಡ ಕುಸಿತಗಳೂ ಇವೆ ಎಂಬುದನ್ನು ಮರೆಮಾಚುವಂತಿಲ್ಲ. 1920ರ ಡಿಸೆಂಬರ್ 16ರಂದು ಚೀನಾದ ಹೈಯುವಾನ್ ಸುತ್ತ, ಮಳೆಯಿಲ್ಲದ ಚಳಿಗಾಲದಲ್ಲಿ, ಗಾಳಿ ತಂದು ಗುಡ್ಡೆ ಹಾಕಿದ ಲೋಯೆಸ್ ಮಣ್ಣಿನ ಬೆಟ್ಟಗಳು ಜರಿದು ಊರೂರುಗಳನ್ನೇ ಹೂತವು. ಲೋಯೆಸ್‌ನ ಕಣಗಳು ತೆಳುವಾದ ಅಂಟಿನಿಂದ, ತುಂಬ ಪೊಳ್ಳು ಬಿಟ್ಟು ಕೂತಿರುತ್ತವೆ. ಆ ಕಟ್ಟು ಒಮ್ಮೆ ಮುರಿದರೆ ಇಡೀ ರಾಶಿ ಕುಸಿಯುತ್ತದೆ.

ಕಂಪ ಮುಗಿದ ಮೇಲೂ ಗುಡ್ಡದ ಲೆಕ್ಕ ಮುಗಿಯುವುದಿಲ್ಲ. ಬಿದ್ದ ಮಣ್ಣು ನದಿಗೆ ಅಡ್ಡ ನಿಂತು ಕೆರೆಯಾಗುತ್ತದೆ. 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪದಲ್ಲಿ ಹೀಗೆ ಕಟ್ಟಿಕೊಂಡ ಸುಬನ್ಸಿರಿ ನದಿ ಕೆಲವು ದಿನಗಳ ಬಳಿಕ ಒಡೆದು ಕೆಳಗಿನ ಹಳ್ಳಿಗಳನ್ನು ಮುಳುಗಿಸಿತು. ಬೀಳದೆ ಉಳಿದ ಪಕ್ಕೆಗಳಲ್ಲಿ ಬಿರುಕುಗಳಿರುತ್ತವೆ, ಮುಂದಿನ ಮಳೆಗಾಲದ ನೀರು ಅವುಗಳ ಮೂಲಕ ಮೊದಲಿಗಿಂತ ಬೇಗ ಒಳಗಿಳಿಯುತ್ತದೆ. ತೈವಾನಿನಲ್ಲಿ 1999ರ ಚಿ-ಚಿ ಭೂಕಂಪದ ಬಳಿಕ ಮೊದಲಿಗಿಂತ ಕಡಿಮೆ ಮಳೆಗೇ ಗುಡ್ಡಗಳು ಜರಿಯತೊಡಗಿದವು. 2001ರ ತೊರಾಜಿ ಚಂಡಮಾರುತದಲ್ಲಿ ಕಣಿವೆ ಕಣಿವೆಯಲ್ಲೂ ಕೆಸರುಹೊಳೆ ಹರಿಯಿತು. ಸಿಕ್ಕಿಂನಲ್ಲಿ 2011ರ ಸೆಪ್ಟೆಂಬರ್ 18ರಂದು 6.9ರ ಕಂಪ ಮಳೆಗಾಲದ ಕೊನೆಯಲ್ಲಿ, ನೀರುಂಡ ಪಕ್ಕೆಗಳ ಮೇಲೆ ಬಂದಿತ್ತು. ಪರಿಹಾರ ತಂಡಗಳನ್ನು ತಡೆದದ್ದೂ ಮಳೆ ಮತ್ತು ದಾರಿಗೆ ಬಿದ್ದ ಗುಡ್ಡಗಳೇ.

ಅಳತೆ ಮತ್ತು ಉಪಾಯ

ಭೂಕಂಪವನ್ನು ತಡೆಯಲಾಗದು, ಮಳೆಯನ್ನೂ ತಡೆಯಲಾಗದು. ಗುಡ್ಡದೊಳಗಿನ ನೀರನ್ನು ಇಳಿಸಬಹುದು. ಇಳಿಸುವ ಮೊದಲು ಅಳೆಯಬೇಕು. ಅತಿ ಸರಳ ಉಪಕರಣವಾದ ಪೀಜೋಮೀಟರ್ ಎಂದರೆ ಕೊರೆದ ಕುಳಿಯಲ್ಲಿ ಇಳಿಸಿದ ಒಂದು ಕೊಳವೆ: ತುದಿಯಲ್ಲಿ ತೂತುಗಳು, ಸುತ್ತ ಮರಳು, ಮೇಲಿನ ಮಳೆ ನೀರು ನೇರವಾಗಿ ಇಳಿಯದಂತೆ ಬೆಂಟೊನೈಟ್ ಜೇಡಿಯ ಬೆಣೆ. ಟೇಪಿನ ತುದಿ ನೀರು ಮುಟ್ಟಿದಾಗ ಸದ್ದು ಮಾಡುತ್ತದೆ, ಆ ಆಳವನ್ನು ಬರೆದುಕೊಳ್ಳುತ್ತಾರೆ. ಕೇರಳದ ಮುನ್ನಾರಿನಲ್ಲಿ ಅಮೃತಾ ವಿಶ್ವವಿದ್ಯಾಪೀಠದವರು ರಂಧ್ರಜಲದ ಒತ್ತಡ ಮತ್ತು ನೆಲದ ಸರಿತವನ್ನು ತಂತಿರಹಿತವಾಗಿ ಕಳಿಸುವ ಸಂವೇದಕಗಳನ್ನು ಹೂತು ವರ್ಷಗಳಿಂದ ನಿಗಾ ಇಟ್ಟಿದ್ದಾರೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಜಾಲ ದೊಡ್ಡದು. ಆದರೆ ಮಳೆಮಾಪಕ ಹೇಳುವುದು ಬಿದ್ದ ಮಳೆಯನ್ನು, ಗುಡ್ಡದೊಳಗೆ ಏರಿದ ಮಟ್ಟವನ್ನಲ್ಲ. ಮಲೆನಾಡಿನ ಅಪಾಯದ ಬರೆಗಳಲ್ಲಿ ಕೊಳವೆ ಇಳಿಸಿ ಅಳೆಯುವ ಕೆಲಸ ಇನ್ನೂ ಬಹಳ ಹೆಚ್ಚಬೇಕು.

ನೀರಿಳಿಸುವ ಉಪಾಯಗಳಲ್ಲಿ ಮೊದಲನೆಯದು ಗುಡ್ಡದ ನೆತ್ತಿಯಲ್ಲೇ ಬಸಿಗಾಲುವೆ ತೆಗೆದು ಮಳೆ ನೀರು ಒಳಗಿಳಿಯದಂತೆ ಬದಿಗೆ ಸಾಗಿಸುವುದು, ಬಿರುಕುಗಳನ್ನು ಜೇಡಿಯಿಂದ ಮುಚ್ಚುವುದು. ಒಳಗಿಳಿದ ನೀರಿಗೆ ಬುಡದಿಂದ ತುಸು ಮೇಲ್ಮುಖವಾಗಿ ಕೊರೆದ ತೂತುಕೊಳವೆಗಳು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕೃಷಿಕರು ಇದೇ ಕೆಲಸವನ್ನು ಬೇರೆ ಉದ್ದೇಶಕ್ಕೆ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಜಂಬಿಟ್ಟಿಗೆಯ ಗುಡ್ಡದೊಳಕ್ಕೆ ಒಬ್ಬ ಬಗ್ಗಿ ನಡೆಯುವಷ್ಟು ಸುರಂಗ ಕೊರೆದು, ಒಳಗೆ ತಂಗಿದ ನೀರನ್ನು ಪಂಪಿಲ್ಲದೆ ತೋಟಕ್ಕೆ ಇಳಿಸುತ್ತಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಹೀಗೆ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಪಡೆದರು. ಜಪಾನಿನ ಒಸಾಕಾ ಬಳಿಯ ಕಮೆನೊಸೆಯಲ್ಲಿ 1930ರ ದಶಕದ ಆರಂಭದಲ್ಲಿ ರೈಲು ಸುರಂಗವನ್ನೇ ನುಂಗಿದ ತೆವಳುಗುಡ್ಡವನ್ನು ಹಿಡಿದಿಟ್ಟಿರುವುದೂ ಅಡಿಯಲ್ಲಿ ಕೊರೆದ ನೀರು ಬಸಿಯುವ ಸುರಂಗಗಳು, ದೊಡ್ಡ ಬಾವಿಗಳು ಮತ್ತು ಆಳದ ಕಂಬಗಳು. ಸುರಂಗದ ಬಾಯಲ್ಲಿ ಜುಳುಜುಳು ಬೀಳುವ ನೀರು ಅಲ್ಲಿ ತೋಟಕ್ಕೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ತಡೆಗೋಡೆಯನ್ನು ಮಾತ್ರ ನಂಬುವುದು ನಮ್ಮ ರಸ್ತೆ ಕಾಮಗಾರಿಗಳ ದೊಡ್ಡ ದೋಷ. 4 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ನೀರೊಂದೇ ಸುಮಾರು 8 ಟನ್ ಬಲದಿಂದ ತಳ್ಳುತ್ತದೆ. ಮಣ್ಣಿನ ತಳ್ಳು ಬೇರೆ. ಗೋಡೆಯ ಹಿಂದೆ ಜಲ್ಲಿಯ ಪದರ, ಮೈಯಲ್ಲಿ ನೀರು ಸೋರುವ ತೂತುಗಳು ಇದ್ದರೆ ಈ 8 ಟನ್ ಇಲ್ಲವಾಗುತ್ತದೆ. ಎಷ್ಟೋ ಗೋಡೆಗಳಲ್ಲಿ ತೂತುಗಳೇನೋ ಇವೆ, ಹಿಂದೆ ಜಲ್ಲಿಯಿಲ್ಲ. ಮೊದಲ ಮಳೆಗೇ ಕೆಸರು ಕಟ್ಟಿಕೊಳ್ಳುತ್ತವೆ. ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಗೋಡೆ ಒರಟಾಗಿ ಕಂಡರೂ ನೀರನ್ನು ಬಿಟ್ಟುಕೊಡುತ್ತದೆ, ನೆಲ ತುಸು ಅಲುಗಿದರೆ ತಾನೂ ಬಾಗುತ್ತದೆ. ಸಡಿಲ ಮರಳಿನ ಮೇಲೆ ಅಣೆಕಟ್ಟು ಕಟ್ಟುವಾಗ ಮರಳನ್ನು ಮೊದಲೇ ಕುಟ್ಟಿ ಗಟ್ಟಿ ಮಾಡುವುದು, ಜಲ್ಲಿಕಂಬಗಳನ್ನು ಇಳಿಸಿ ಕಂಪನದ ಹೊತ್ತಿನ ಒತ್ತಡಕ್ಕೆ ದಾರಿ ಬಿಡುವುದು ಈಗ ರೂಢಿಯಲ್ಲಿದೆ.

ಇಂಗುಗುಂಡಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಬಯಲುಸೀಮೆಯಲ್ಲಿ ಮಳೆ ನೀರನ್ನು ನೆಲಕ್ಕೆ ಇಂಗಿಸುವುದು ಪುಣ್ಯದ ಕೆಲಸ. ಅದೇ ಉತ್ಸಾಹದಲ್ಲಿ ಘಟ್ಟದ ಕಡಿದಾದ ಪಕ್ಕೆಯಲ್ಲಿ, ಶೇಡಿಮಣ್ಣಿನ ಮೇಲೆ, ಕೆಳಗೆ ಮನೆಗಳಿರುವಲ್ಲಿ ಅಡ್ಡಗುಂಡಿ ತೋಡಿದರೆ ಮೇಲಿನ ಉದಾಹರಣೆಯ ಒಂದೂವರೆ ಮೀಟರ್ ನೀರನ್ನು ನಾವೇ ಒಳಗೆ ಕೂಡಿಹಾಕಿದಂತೆ. ಎಲ್ಲಿ ಇಂಗಿಸಬೇಕು, ಎಲ್ಲಿ ಹರಿಯಬಿಡಬೇಕು ಎಂಬುದನ್ನು ಗುಂಡಿ ತೋಡುವ ಮೊದಲು ಬರೆಯ ಪದರಗಳನ್ನು ನೋಡಿ, ಅಲ್ಲಿ ಯಾವ ಮಟ್ಟದಲ್ಲಿ ಒರತೆ ಏಳುತ್ತದೆ ಎಂದು ಊರಿನವರನ್ನು ಕೇಳಿ ಗೊತ್ತುಮಾಡಿಕೊಳ್ಳಬಹುದು.